ಝೀರಾದ ನೀರಿನಲ್ಲಿ ಏನಿದೆ?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮದು ಭಾಲ್ಕಿ. ಬೀದರ್‌ಗೆ ಹೋದಾಗಲೆಲ್ಲ ಗುರುದ್ವಾರದ ಒರತೆ ನಾನಕ್ ಝೀರಾದ ನೀರನ್ನು ಕ್ಯಾನಿನಲ್ಲಿ ತುಂಬಿ ತರುತ್ತೇವೆ. ಅದರಲ್ಲಿ ಖನಿಜ ಬಹಳ, ಮೊಣಕಾಲು ನೋವಿಗೆ ಒಳ್ಳೆಯದು ಅಂತಾರೆ ಅತ್ತೆ. ನಮ್ಮ ಬೋರ್ ನೀರಿಗೆ ಪಾತ್ರೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಎಂಟು ತಿಂಗಳ ಮಗುವಿಗೆ ಯಾವ ನೀರು ಕೊಡಲಿ?

ಉತ್ತರ: ಅತ್ತೆಯವರ ಭಕ್ತಿಗೆ ನನ್ನ ನಮಸ್ಕಾರ. ಖನಿಜದ ಲೆಕ್ಕ ಮಾತ್ರ ಉಲ್ಟಾ ಇದೆ. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ. ಲಕ್ಷಾಂತರ ವರ್ಷಗಳ ಮಳೆ ಆ ಕಲ್ಲಿನಲ್ಲಿದ್ದ ಸುಣ್ಣ, ಮೆಗ್ನೀಸಿಯಂ, ಸೋಡಿಯಂ ಬಹುಪಾಲನ್ನು ತೊಳೆದು ಒಯ್ದಿದೆ. ಉಳಿದದ್ದು ಸುಲಭಕ್ಕೆ ಕರಗದ ಕಬ್ಬಿಣ, ಅಲ್ಯೂಮಿನಿಯಂ. ಕಲ್ಲು ಕೆಂಪಗಿರುವುದು ಆ ಕಬ್ಬಿಣದಿಂದ. ಮಳೆನೀರು ಅದರ ತೂತು, ಬಿರುಕುಗಳಲ್ಲಿ ಇಳಿದು, ಕೆಳಗಿನ ಜೇಡಿ ಪದರ ತಡೆದಲ್ಲಿ ಅಡ್ಡ ಹರಿದು, ಗುಡ್ಡದ ಅಂಚಿನಲ್ಲಿ ಒಸರುತ್ತದೆ. ನಾನಕ್ ಝೀರಾ, ಪಾಪನಾಶ, ನರಸಿಂಹ ಝರಣಿ ಎಲ್ಲ ಇದೇ ಕೆಂಪು ಕಲ್ಲಿನ ಮಕ್ಕಳು. ನೌಬಾದಿನ ಸುರಂಗ ಬಾವಿಯನ್ನು ಬಹಮನಿ ಕಾಲದವರು 15ನೇ ಶತಮಾನದಲ್ಲಿ ಕೊರೆದದ್ದೂ ಈ ನೆಲದೊಳಗಿನ ನೀರನ್ನು ಹಿಡಿಯಲಿಕ್ಕೇ. ಇಂಥ ಕಲ್ಲಿನ ನೀರು ಸಾಮಾನ್ಯವಾಗಿ ಮೆದು: ಬೇಳೆ ಬೇಗ ಬೇಯುತ್ತದೆ, ಸೋಪು ನೊರೆ ಬಿಡುತ್ತದೆ. ಮೊಣಕಾಲು ನೋವಿಗೆ ಅದು ಔಷಧವಲ್ಲ.

ಖನಿಜ ಹೆಚ್ಚಿರುವುದು ನಿಮ್ಮ ಬೋರ್‌ನಲ್ಲೇ. ಭಾಲ್ಕಿ, ಔರಾದ್ ಕಡೆ ಕರಿಮಣ್ಣಿನ ಕೆಳಗೆ ಬಸಾಲ್ಟ್ ಕಲ್ಲಿದೆ. ಅದರಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿಗೆ ಇಳಿಯುತ್ತವೆ. ಕಾಯಿಸಿದಾಗ ಪಾತ್ರೆಗೆ ಕಚ್ಚುವ ಬಿಳಿ ಪದರ ಬಹುತೇಕ ಕ್ಯಾಲ್ಸಿಯಂ ಕಾರ್ಬೊನೇಟ್. ಅದು ವಿಷವಲ್ಲ, ಹೆದರಬೇಡಿ.

ಮಗುವಿನ ವಿಚಾರದಲ್ಲಿ ನನಗೆ ಖನಿಜದ ಚಿಂತೆ ಇಲ್ಲ, ರೋಗಾಣುಗಳದ್ದಿದೆ. ಮಳೆನೀರು ಇಳಿಯುವ ಬಿರುಕಿನಲ್ಲೇ ಮೇಲಿನ ಚರಂಡಿ ನೀರೂ ಇಳಿಯಬಹುದು. ತಿಳಿಯಾಗಿ ಕಂಡ ಮಾತ್ರಕ್ಕೆ ನೀರು ಶುದ್ಧ ಅಂದುಕೊಳ್ಳಬೇಡಿ, ಅದರಲ್ಲೂ ಮಳೆಗಾಲದಲ್ಲಿ. ಝೀರಾದ್ದಿರಲಿ, ಬೋರ್‌ದಿರಲಿ, ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟು, ಮುಚ್ಚಿ ಆರಿಸಿ ಕೊಡಿ. ನೈಟ್ರೇಟ್ ಮಾತ್ರ ಕುದಿಸಿದರೂ ಹೋಗದು. ಹೊಲದ, ಕೊಟ್ಟಿಗೆಯ ಹತ್ತಿರದ ಬೋರ್ ಆದರೆ ಒಮ್ಮೆ ಪರೀಕ್ಷೆ ಮಾಡಿಸಲೇಬೇಕು. ಲೀಟರಿಗೆ 45 ಮಿಲಿಗ್ರಾಂ ಮೀರಿದ್ದರೆ ಆ ನೀರಿನಲ್ಲಿ ಹಾಲಿನ ಪುಡಿ ಕಲಸಬೇಡಿ.

ಪ್ರಶ್ನೆ: ಔರಾದ್‌ನ ಗಡಸು ನೀರಿನಿಂದಲೇ ನನಗೆ ಕಿಡ್ನಿ ಕಲ್ಲಾಯಿತೆ? ಹಾಲು, ಮೊಸರು ಬಿಟ್ಟಿದ್ದೇನೆ.

ಉತ್ತರ: ಹಾಲು, ಮೊಸರು ಇವತ್ತಿನಿಂದಲೇ ಶುರು ಮಾಡಿ. ಊಟದ ಕ್ಯಾಲ್ಸಿಯಂ ಕಲ್ಲು ಕಟ್ಟುವ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಗೆ ಹಾಕುತ್ತದೆ. ಆ ಕ್ಯಾಲ್ಸಿಯಂ ಕಡಿಮೆಯಾದರೆ ಕಲ್ಲಿಗೆ ದಾರಿಯಾಗುತ್ತದೆ. ಗಡಸು ನೀರೇ ಕಾರಣ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ನಮ್ಮ ಬಿಸಿಲಿನಲ್ಲಿ ಹೊಲಕ್ಕೆ ಹೋದವರು ಬೆವರಿದಷ್ಟು ನೀರು ಕುಡಿಯುವುದಿಲ್ಲ, ನಾನು ಕಾಣುವ ದೊಡ್ಡ ಕಾರಣ ಅದು. ದಿನಕ್ಕೆ ಎರಡೂವರೆ ಲೀಟರ್‌ನಷ್ಟು ಮೂತ್ರ ಹೋಗುವಷ್ಟು ಕುಡಿಯಿರಿ. ಬಣ್ಣ ತೆಳು ಹಳದಿ ಇರಬೇಕು. ಲಿಂಬೆಹಣ್ಣು ಹಿಂಡಿಕೊಳ್ಳಿ, ಉಪ್ಪು ತಗ್ಗಿಸಿ. ಸೊಂಟದ ನೋವಿನ ಜೊತೆ ಚಳಿಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ.