ಕೇಪ್‌ಟೌನ್: ಗಾಳಿ ನೋಡಿಕೊಂಡು ತಿರುಗಬೇಕಾದ ಊರು

ದಕ್ಷಿಣ ಆಫ್ರಿಕದ ಕೇಪ್‌ಟೌನ್‌ಗೆ ಹೊರಟವರು ಊರಿನ ನಕ್ಷೆಗಿಂತ ಮೊದಲು ಅಲ್ಲಿನ ಗಾಳಿಯನ್ನು ಅರಿತಿರಬೇಕು. ಆ ನಾಡಿಗೆ ಬೇಸಿಗೆಯಾಗಿರುವ ಡಿಸೆಂಬರ್, ಜನವರಿಯ ದಿನಗಳಲ್ಲಿ ಆಗ್ನೇಯದಿಂದ ಬೀಸುವ ಬಿರುಗಾಳಿಯನ್ನು, ಅದು ಊರಿನ ಹೊಗೆಯನ್ನೆಲ್ಲ ಗುಡಿಸಿ ಹಾಕುತ್ತದೆಂಬ ಕಾರಣಕ್ಕೆ, ಸ್ಥಳೀಯರು ‘ಕೇಪ್ ಡಾಕ್ಟರ್’ ಎನ್ನುತ್ತಾರೆ. ಈ ವೈದ್ಯರು ದಯಮಾಡಿಸಿದ ದಿನ, ಸಾವಿರ ಮೀಟರಿಗೂ ಎತ್ತರದ ಟೇಬಲ್ ಮೌಂಟನ್ ಬೆಟ್ಟಕ್ಕೆ 1929ರಿಂದ ಇರುವ ಕೇಬಲ್ ಕಾರ್, ಅಂದರೆ ಹಗ್ಗದ ಮೇಲೆ ತೂಗಿಕೊಂಡು ಸಾಗುವ ಬಂಡಿ, ನಿಂತುಹೋಗುತ್ತದೆ. ಹಾಗಾಗಿ ಬೆಟ್ಟವನ್ನು ಕೊನೆಯ ದಿನಕ್ಕೆ ಉಳಿಸಿಕೊಳ್ಳುವುದು ಶುದ್ಧ ಅವಿವೇಕ. ಗಾಳಿ ಅಡಗಿದ ಮೊದಲ ಬೆಳಗ್ಗೆಯೇ, ಉಳಿದ ಏರ್ಪಾಡುಗಳನ್ನು ಬದಿಗೊತ್ತಿಯಾದರೂ, ಹತ್ತಿಬಿಡಬೇಕು. ಮೇಲೆ ಸೈರನ್ ಕೂಗಿದರೆ ಗಾಳಿ ಏಳುತ್ತಿದೆ ಎಂದರ್ಥ, ಆಗ ಚಿತ್ರ ತೆಗೆಯುತ್ತ ನಿಂತವರು ಪ್ಲಾಟೆಕ್ಲಿಪ್ ಕಮರಿಯ ಕಡಿದಾದ ಕಲ್ಲುಮೆಟ್ಟಿಲುಗಳನ್ನು ಇಳಿಯಬೇಕಾದೀತು.

ಬಂಡಿ ನಿಂತ ದಿನವೂ ನಷ್ಟವೇನಲ್ಲ. ಕಡಲಿನ ತೇವ ಹೊತ್ತ ಗಾಳಿ ಬೆಟ್ಟದ ಹಿಂಬದಿಯನ್ನು ಏರುತ್ತ ತಣಿದು, ಮೋಡವಾಗಿ ಚಪ್ಪಟೆ ನೆತ್ತಿಯನ್ನು ಆವರಿಸಿ, ಊರಿನ ಕಡೆಯ ಅಂಚಿನಿಂದ ಉಕ್ಕಿದ ಹಾಲಿನಂತೆ ಇಳಿಯುತ್ತದೆ. ಇಳಿದಂತೆಲ್ಲ ಬೆಚ್ಚಗಾಗುವುದರಿಂದ ಬುಡ ಮುಟ್ಟದೆ ನಡುವೆಯೇ ಕರಗಿಹೋಗುತ್ತದೆ. ‘ಟೇಬಲ್ ಕ್ಲಾತ್’ ಎಂಬ ಈ ಮೋಡವನ್ನು ಊರೊಳಗಿನಿಂದಲೇ, ಬಿಡಿಗಾಸಿನ ಖರ್ಚಿಲ್ಲದೆ, ಗಂಟೆಗಟ್ಟಲೆ ನೋಡಬಹುದು.

ನೆಲ್ಸನ್ ಮಂಡೇಲಾ ತಮ್ಮ 27 ವರ್ಷಗಳ ಸೆರೆವಾಸದಲ್ಲಿ 18 ವರ್ಷ ಕಳೆದ ರಾಬೆನ್ ದ್ವೀಪದ ದೋಣಿಗೂ ಗಾಳಿಯದೇ ಅಪ್ಪಣೆ. ಟಿಕೆಟ್ ಮುಂಗಡವಾಗಿ ಪಡೆದು, ಅರ್ಧ ದಿನ ಮೀಸಲಿಡಬೇಕು. ಸೆರೆಮನೆಯನ್ನು ತೋರಿಸುವವರಲ್ಲಿ ಹಿಂದೆ ಅಲ್ಲಿಯೇ ಬಂಧನದಲ್ಲಿದ್ದ ರಾಜಕೀಯ ಕೈದಿಗಳೂ ಇರುವುದರಿಂದ, ಅವರ ಮಾತು ಕೇಳಲು ಸಿಕ್ಕರೆ ಆ ಕಿರಿದಾದ ಕೋಣೆಗಳ ಅರ್ಥವೇ ಬೇರೆಯಾಗುತ್ತದೆ. ದೋಣಿ ಹೊರಡುವ ವಾಟರ್‌ಫ್ರಂಟ್ ಎಂಬುದು ಅಂಗಡಿಗಳ ಸಾಲು, ಅಷ್ಟೆ.

ಗುಡ್‌ಹೋಪ್ ಭೂಶಿರಕ್ಕೆ ಬಾಡಿಗೆ ಕಾರಿನಲ್ಲಿ ಹೋಗುವವರು ಪ್ರವೇಶಶುಲ್ಕ ಯಾರದೆಂದು ಮೊದಲೇ ಇತ್ಯರ್ಥ ಮಾಡಿಕೊಳ್ಳದಿದ್ದರೆ, ಕೆಲವು ಚಾಲಕರು ಅರ್ಧದಾರಿಯಲ್ಲಿ ಕೈಚಾಚುತ್ತಾರೆ. ಎರಡು ಮಹಾಸಾಗರಗಳು ಅಲ್ಲಿ ಕೂಡುತ್ತವೆಂದು ಅವರು ಹೇಳುವುದನ್ನೂ ನಂಬಬೇಕಿಲ್ಲ. ಖಂಡದ ದಕ್ಷಿಣದ ತುದಿಯೂ, ಭೂಗೋಳಜ್ಞರು ಒಪ್ಪಿರುವ ಸಾಗರಗಳ ಗಡಿಯೂ ಇನ್ನಷ್ಟು ಆಗ್ನೇಯಕ್ಕಿರುವ ಅಗುಲ್ಹಾಸ್ ಭೂಶಿರದಲ್ಲಿವೆ. ದಾರಿಯಲ್ಲಿ ಸಿಗುವ ಬೋಲ್ಡರ್ಸ್ ಕಡಲತೀರದ ಪೆಂಗ್ವಿನ್‌ಗಳನ್ನು ಮಾತ್ರ ತಪ್ಪಿಸಬಾರದು. ಈಜುವ ಆಸೆಯಿದ್ದವರಿಗೆ, ಶೀತಪ್ರವಾಹ ಮೈ ಮರಗಟ್ಟಿಸುವ ಅಟ್ಲಾಂಟಿಕ್ ಬದಿಗಿಂತ ಫಾಲ್ಸ್ ಬೇ ಕೊಲ್ಲಿಯ ಮ್ಯೂಜನ್‌ಬರ್ಗ್ ತೀರವೇ ವಾಸಿ. ಭೂಶಿರದ ಬಬೂನ್ ಕೋತಿಗಳು ಕಾರಿನೊಳಗೂ ನುಗ್ಗಿ ತಿಂಡಿ ಕಸಿಯುವುದರಿಂದ ಗಾಜು ಏರಿಸಿ, ಬಾಗಿಲಿಗೆ ಬೀಗ ಹಾಕಿಯೇ ಇಳಿಯಬೇಕು.