ಪುಟಾಣಿ ಎಂಜಿನ್ನಿಗೆ ನಿಜದ ಹೆಡ್‌ಲೈಟ್

ಪ್ರಶ್ನೆ: ಮೀಟರ್ ಗೇಜ್ ಕಾಲದ ನಮ್ಮೂರ ರೈಲ್ವೆ ನಿಲ್ದಾಣದ ಮಾದರಿಯನ್ನು 1:87ರ ಅಳತೆಯಲ್ಲಿ ಮಾಡುತ್ತಿದ್ದೇನೆ. ಒಂದು ವೈಪಿ ಉಗಿ ಎಂಜಿನ್, ಒಂದು ವೈಡಿಎಂ-4 ಡೀಸೆಲ್ ಇವೆ. ಎರಡಕ್ಕೂ 3 ಮಿ.ಮೀ. ಬಿಳಿ ಎಲ್‌ಇಡಿ ಕೂರಿಸಿದೆ. ಹತ್ತಿಸಿದರೆ ಟಾರ್ಚ್ ಬಿಟ್ಟ ಹಾಗೆ ಕಾಣುತ್ತದೆ, ಡೀಸೆಲ್ಲಿನ ಮೂತಿಯೆಲ್ಲ ಹೊಳೆಯುತ್ತದೆ. ನಿಜವಾದ ಎಂಜಿನ್ ದೀಪದಂತೆ ಕಾಣಬೇಕಾದರೆ ಏನು ಮಾಡಬೇಕು?
— ಓದುಗರೊಬ್ಬರು, ಹಳೇನಗರ, ಭದ್ರಾವತಿ

ಉತ್ತರ: ನಿಮ್ಮ ಎಂಜಿನ್ನಿನ ದೀಪದಲ್ಲಿ ಬೆಳಕು ವಿಪರೀತ ಹೆಚ್ಚಾಗಿದೆ. ಅದೂ ಹೋಗಬಾರದ ಕಡೆಗೆಲ್ಲ ಹೋಗುತ್ತಿದೆ. ಹೊಸ ಸಾಮಾನು ತರುವ ಮೊದಲು ಒಂದು ಸಂಜೆ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ನಿಮ್ಮೂರ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ತರೀಕೆರೆ ಕಡೆಯಿಂದ ಬರುವ ಗಾಡಿಯ ದೀಪ ದೂರದಲ್ಲಿ ಬರೀ ಒಂದು ಚುಕ್ಕೆ. ಹತ್ತಿರ ಬಂದಂತೆ ಕಣ್ಣು ಕೋರೈಸುತ್ತದೆ. ಎಂಜಿನ್ ನಿಮ್ಮ ಪಕ್ಕಕ್ಕೆ ಬರುವ ಹೊತ್ತಿಗೆ ಆ ಪ್ರಖರತೆ ಥಟ್ಟನೆ ಇಳಿದು, ದೀಪದ ಗಾಜು, ಸುತ್ತಲಿನ ಬಳೆ, ಒಳಗಿನ ಕನ್ನಡಿ ಕಾಣತೊಡಗುತ್ತವೆ. ಬಟ್ಟಲಿನಾಕಾರದ ಪ್ರತಿಫಲಕ ಬೆಳಕನ್ನೆಲ್ಲ ಒಟ್ಟುಮಾಡಿ ಹಳಿಯ ನೇರಕ್ಕೆ ಕಳಿಸುವುದರಿಂದ ಹೀಗಾಗುತ್ತದೆ. ಎಲ್‌ಇಡಿಯ ಬೆಳಕು ಸಾಮಾನ್ಯವಾಗಿ ಅಗಲವಾಗಿ ಹರಡುತ್ತದೆ. ಮಾದರಿ ದೀಪದ ಕೆಲಸವೆಲ್ಲ ಇರುವುದು ಆ ಹರಡುವಿಕೆಯನ್ನು ಕಟ್ಟಿಹಾಕುವುದರಲ್ಲಿ.

ಮೊದಲು ಬಣ್ಣದ ವಿಷಯ. ಬೀರೂರು–ಶಿವಮೊಗ್ಗ ಮಾರ್ಗ ಶುರುವಾದದ್ದು 1899ರಲ್ಲಿ, ಮೀಟರ್ ಗೇಜ್ ಆಗಿ. ಅದು ಬ್ರಾಡ್ ಗೇಜ್ ಆಗಿದ್ದು 1990ರ ದಶಕದಲ್ಲಿ. ಈ ನಡುವಿನ ಯಾವ ವರ್ಷದ ಭದ್ರಾವತಿಯನ್ನು ನೀವು ಕಟ್ಟುತ್ತಿದ್ದೀರಿ ಎಂಬುದರ ಮೇಲೆ ಬೆಳಕಿನ ಬಣ್ಣ ನಿಂತಿದೆ. ಹಳೆಯ ಉಗಿ ಎಂಜಿನ್ನುಗಳಿಗೆ ಇದ್ದದ್ದು ಎಣ್ಣೆ ದೀಪ. ಅದರ ಬಣ್ಣ ಸುಮಾರು 1900 ಕೆಲ್ವಿನ್, ಕೆಂಪು ಮಿಶ್ರಿತ ಹಳದಿ. ವೈಪಿಯಂಥ ಎಂಜಿನ್ನುಗಳ ಕಾಲಕ್ಕೆ ಉಗಿಯಿಂದಲೇ ತಿರುಗುವ ಪುಟ್ಟ ಟರ್ಬೊ ಜನರೇಟರ್ ಬಂದಿತ್ತು, ಅದರಿಂದ ತಂತಿಯ ಬಲ್ಬು ಉರಿಯುತ್ತಿತ್ತು. ಹಳೆಯ ಡೀಸೆಲ್ಲಿನಲ್ಲೂ ತಂತಿಯ ಬಲ್ಬೇ. ಇವೆರಡೂ 2700ರಿಂದ 3000 ಕೆಲ್ವಿನ್ ಆಸುಪಾಸು. ನೀವು ಹಾಕಿರುವ ಮಾಮೂಲಿ ಬಿಳಿ ಎಲ್‌ಇಡಿ 6000 ಕೆಲ್ವಿನ್ ದಾಟುತ್ತದೆ, ಅದಕ್ಕೇ ನೀಲಿ ಹೊಡೆಯುತ್ತದೆ. ‘ವಾರ್ಮ್ ವೈಟ್’ ಎಂದು ಕೇಳಿ ತನ್ನಿ. ಹಳದಿ ಎಲ್‌ಇಡಿ ಬೇಡ. ಅದರಲ್ಲಿ ಒಂದೇ ಬಣ್ಣವಿರುವುದರಿಂದ ಸಿಗ್ನಲ್ ದೀಪವಾಗುತ್ತದೆಯೇ ಹೊರತು ಹೆಡ್‌ಲೈಟ್ ಆಗುವುದಿಲ್ಲ. ವೈಪಿಯ ದೀಪ ಇನ್ನೂ ಸ್ವಲ್ಪ ಹಳತಾಗಿ ಕಾಣಲಿ ಎನಿಸಿದರೆ ವಾರ್ಮ್ ವೈಟ್ ಎಲ್‌ಇಡಿಯ ಮೇಲೆ ಪಾರದರ್ಶಕ ಕಿತ್ತಳೆ ಗ್ಲಾಸ್ ಪೇಂಟ್ ತೆಳ್ಳಗೆ ಒಂದು ಸಲ ಬಳಿಯಿರಿ. ಈಚೆಗೆ ಎಲ್‌ಇಡಿ ಹೆಡ್‌ಲೈಟ್ ಹೊತ್ತ ಎಂಜಿನ್ನುಗಳೂ ಓಡುತ್ತಿವೆ. ಅವುಗಳ ಮಾದರಿ ಮಾಡುವವರಿಗೆ ಮಾತ್ರ ಬಿಳಿ ಬೆಳಕು ಸರಿ.

ಪ್ರಖರತೆಯದು ಸುಲಭದ ಲೆಕ್ಕ. 12 ವೋಲ್ಟ್ ಸರಬರಾಜಿನಲ್ಲಿ ಎಲ್‌ಇಡಿಗೆ 3 ವೋಲ್ಟ್ ಹೋದರೆ ಉಳಿಯುವುದು 9. 470 ಓಮ್ ರೆಸಿಸ್ಟರ್ ಹಾಕಿದರೆ ಸುಮಾರು 19 ಮಿಲಿಆಂಪಿಯರ್ ಹರಿಯುತ್ತದೆ. ಮನೆಯೊಳಗಿನ ಮಾದರಿಗೆ ಅಷ್ಟು ಬೇಕಿಲ್ಲ, 2 ಮಿಲಿಆಂಪಿಯರ್ ಧಾರಾಳ, ಅಂದರೆ 4.7 ಕಿಲೋ ಓಮ್. ಅಲ್ಲಿಂದ ಶುರುಮಾಡಿ, ಕೋಣೆಯ ದೀಪ ಆರಿಸಿ ನೋಡುತ್ತ 10 ಕಿಲೋ ಓಮ್‌ವರೆಗೂ ಹೋಗಿ ನೋಡಿ. ತಂತಿಯ ಬಲ್ಬನ್ನು ಮಂಕು ಮಾಡಿದರೆ ಅದು ಕೆಂಪಾಗುತ್ತ ಬರುತ್ತದೆ, ಎಲ್‌ಇಡಿ ಹಾಗಾಗುವುದಿಲ್ಲ. ಬಣ್ಣವನ್ನು ಮೊದಲೇ ಸರಿಯಾಗಿ ಆರಿಸಿಕೊಳ್ಳಿ ಎಂದು ಒತ್ತಿ ಹೇಳುವುದು ಅದಕ್ಕೇ.

ಇನ್ನು ನಿಜವಾದ ಕೈಕೆಲಸ. ಹೆಡ್‌ಲೈಟಿನ ಗಾಜು ಒಂದು ಅಡಿ ಅಗಲ ಎಂದಿಟ್ಟುಕೊಂಡರೂ 1:87ರಲ್ಲಿ ಅದು ಮೂರೂವರೆ ಮಿ.ಮೀ. ಮಾತ್ರ. 3 ಮಿ.ಮೀ. ಎಲ್‌ಇಡಿಯೇ ಆ ಜಾಗವನ್ನೆಲ್ಲ ತುಂಬಿದರೆ ಬಳೆಗಾಗಲಿ, ಪ್ರತಿಫಲಕಕ್ಕಾಗಲಿ ಎಡೆಯೆಲ್ಲಿ? 0603 ಅಳತೆಯ ಎಸ್‌ಎಂಡಿ ಎಲ್‌ಇಡಿ ಬಳಸಿ. ಅದರ ಉದ್ದ 1.6 ಮಿ.ಮೀ., ಅಗಲ 0.8. ಬೆಸುಗೆಗೆ ಕೈ ನಡುಗಿದರೆ ಮೊಬೈಲ್ ರಿಪೇರಿ ಮಾಡುವವರ ಹತ್ತಿರ ಮಾಡಿಸಿ, ಅವರಿಗೆ ಇದು ದಿನನಿತ್ಯದ ಕೆಲಸ. ಕೂದಲೆಳೆಯ ಇನಾಮಲ್ ತಂತಿ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಸಿಗುತ್ತದೆ. ದೀಪದ ಗೂಡಿನ ಒಳಗೋಡೆಗೆ ಬೆಳ್ಳಿ ಬಣ್ಣ ಬಳಿದು, ಎಲ್‌ಇಡಿಯನ್ನು ತೀರಾ ಬಾಯಿಗೆ ತಾರದೆ ಎರಡು ಮಿ.ಮೀ. ಹಿಂದಕ್ಕೆ ಕೂರಿಸಿ. ಈ ಆಳ ಬಂದಮೇಲೆ ಪಕ್ಕದಿಂದ ನೋಡಿದಾಗ ದೀಪ ಮಂಕಾಗಿ, ಎದುರಿನಿಂದ ಚುರುಕಾಗಿ ಕಾಣುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ನೀವು ಕಂಡದ್ದೂ ಇದನ್ನೇ.

ಡೀಸೆಲ್ಲಿನಲ್ಲಿ ಅಷ್ಟು ಜಾಗವಿಲ್ಲದಿದ್ದರೆ ಪ್ಲಾಸ್ಟಿಕ್ ಆಪ್ಟಿಕಲ್ ಫೈಬರ್ ಒಳ್ಳೆಯ ದಾರಿ. ಒಂದು ಮಿ.ಮೀ. ದಪ್ಪದ ಎಳೆಯ ತುದಿಯನ್ನು ಬಿಸಿ ಸಾಲ್ಡರಿಂಗ್ ಐರನ್ನಿಗೆ ತಾಗಿಸದೆ ಹತ್ತಿರ ಹಿಡಿದರೆ, ತುದಿ ಕರಗಿ ಗುಂಡಗೆ ಉಬ್ಬುತ್ತದೆ. ಅದೇ ನಿಮ್ಮ ಮಸೂರ. ಮುಂದಿನಿಂದ ತೂರಿಸಿ ಹಿಂದಕ್ಕೆ ಎಳೆದುಕೊಂಡರೆ ತೂತಿನಲ್ಲಿ ಸರಿಯಾಗಿ ಕೂರುತ್ತದೆ. ಅಂಟಿಸುವಾಗ ಫೆವಿಕ್ವಿಕ್ ಬೇಡವೇ ಬೇಡ. ಅದರ ಹಬೆಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಬಿಳಿ ಫೆವಿಕಾಲ್ ಒಂದು ಹನಿ ಸಾಕು, ಒಣಗಿದರೆ ಕಾಣುವುದೂ ಇಲ್ಲ.

ಮೂತಿ ಹೊಳೆಯುವುದಕ್ಕೆ ಕಾರಣ ತೆಳು ಪ್ಲಾಸ್ಟಿಕ್ ಮೈ. ಒಳಮೈಗೆ ಕಪ್ಪು ಬಣ್ಣವನ್ನು ಎರಡು ಸಲ ಬಳಿದು, ಕತ್ತಲಲ್ಲಿ ಹತ್ತಿಸಿ ಪರೀಕ್ಷಿಸಿ. ಬೆಳ್ಳಿ ಬಣ್ಣವೊಂದನ್ನೇ ಬಳಿದರೆ ಬೆಳಕು ಸೋರುವುದು ಪೂರ್ತಿ ನಿಲ್ಲಲಿಕ್ಕಿಲ್ಲ. ಎಲ್‌ಇಡಿಯ ಬೆನ್ನಿಗೂ ಕಪ್ಪು ಹಚ್ಚಿ.

ಎಂಜಿನ್ ಓಡುವಾಗ ದೀಪ ಮಿನುಗುವ ಕಾಟ ನಿಮಗೂ ಇದ್ದೇ ಇರುತ್ತದೆ. ಹಳಿ ಮತ್ತು ಗಾಲಿಯನ್ನು ಮೊದಲು ಒರೆಸಿ. ಆಮೇಲೆ ಒಂದು ಡಯೋಡ್, ಅದರ ಮುಂದೆ 470 ಮೈಕ್ರೊಫ್ಯಾರಡ್, 25 ವೋಲ್ಟ್ ಕೆಪಾಸಿಟರ್ ಹಾಕಿ. ಎಲ್‌ಇಡಿ ಮತ್ತು ರೆಸಿಸ್ಟರ್ ಅದಕ್ಕೆ ಅಡ್ಡಲಾಗಿ ಬರಲಿ. ಡಯೋಡ್ ಮರೆಯಬೇಡಿ, ಎಂಜಿನ್ ಹಿಂದಕ್ಕೆ ಓಡಿಸುವಾಗ ಕೆಪಾಸಿಟರಿಗೆ ಉಲ್ಟಾ ವೋಲ್ಟೇಜ್ ಸಿಕ್ಕರೆ ಅದು ಸಿಡಿಯಬಹುದು. ಇದರಿಂದ ಇನ್ನೊಂದು ಚೆಂದದ ಲಾಭವಿದೆ. ಕರೆಂಟು ತೆಗೆದಾಗ ದೀಪ ಒಮ್ಮೆಗೇ ಆರದೆ ಒಂದೆರಡು ಸೆಕೆಂಡಿನಲ್ಲಿ ಇಳಿಯುತ್ತದೆ, ಹಳೆಯ ಬಲ್ಬಿನ ಗುಣವೇ ಬಂದುಬಿಡುತ್ತದೆ.

ಕೊನೆಯದಾಗಿ, ಅದನ್ನು ಹತ್ತಿಸುವ ರೀತಿ. ನಿಲ್ದಾಣದಲ್ಲಿ ಗಾಡಿ ನಿಂತಾಗ, ಎದುರಿನಿಂದ ಬೇರೆ ಗಾಡಿ ಬರುವಾಗ ಹೆಡ್‌ಲೈಟ್ ಮಂಕು ಮಾಡಬೇಕು ಎಂಬ ನಿಯಮ ನಮ್ಮ ರೈಲ್ವೆಯಲ್ಲಿದೆ. ಎಂಜಿನ್ನಿನಲ್ಲಿ ಡಿಸಿಸಿ (ಡಿಜಿಟಲ್ ಕಮಾಂಡ್ ಕಂಟ್ರೋಲ್) ಡಿಕೋಡರ್ ಇದ್ದರೆ ಇದನ್ನು ಒಂದು ಗುಂಡಿಗೆ ಹೊಂದಿಸಬಹುದು. ಸಾದಾ ಡಿಸಿ ಕಂಟ್ರೋಲರಿನಲ್ಲಿ ಎಂಜಿನ್ ನಿಂತರೆ ದೀಪವೂ ಆರುತ್ತದೆ, ಅದು ನಿಮ್ಮ ನಿಲ್ದಾಣದ ರಾತ್ರಿ ದೃಶ್ಯಕ್ಕೆ ಒಪ್ಪುವುದಿಲ್ಲ. ಪ್ರತ್ಯೇಕ ಪುಟ್ಟ ಬ್ಯಾಟರಿ ಕೊಟ್ಟರೆ ಸರಿಹೋಗುತ್ತದೆ. ಮುಂದಿನ ದೀಪಕ್ಕೆ ಇಷ್ಟು ಕಷ್ಟಪಟ್ಟ ಮೇಲೆ ಕೊನೆಯ ಬೋಗಿಯ ಕೆಂಪು ಟೈಲ್ ಲ್ಯಾಂಪನ್ನೂ ಮರೆಯಬೇಡಿ. ಗಾಡಿ ಪೂರ್ತಿ ಬಂದಿದೆ, ಬೋಗಿ ಕಳಚಿ ಹಿಂದೆ ಉಳಿದಿಲ್ಲ ಎಂದು ನಿಲ್ದಾಣದವರು ರಾತ್ರಿ ಖಾತ್ರಿ ಮಾಡಿಕೊಳ್ಳುತ್ತಿದ್ದುದು ಅದನ್ನು ನೋಡಿಯೇ. ಮೀಟರ್ ಗೇಜ್ ಕಾಲದ್ದು ಎಣ್ಣೆಯ ದೀಪವಾದ್ದರಿಂದ ಅರ್ಧ ಮಿಲಿಆಂಪಿಯರ್ ಕೆಂಪು ಎಲ್‌ಇಡಿ ಸಾಕು.