ಕಾರ್‌ಶೆಡ್ಡಿಗೆ ಮುಂಚೆ ಗುಂಡಿ ತೋಡಿ ನೋಡಿ

ಆಂಧ್ರದ ರಾಯದುರ್ಗ, ಮಡಕಶಿರಾ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆ ಪಕ್ಕ ಕಾರ್‌ಶೆಡ್ಡು ಕಟ್ಟುವ ವಿಚಾರದವು. ಶಟರ್ ಯಾವುದು, ಟೈಲ್ಸು ಯಾವುದು ಎಂದು ಕೇಳಿದವರೇ ಜಾಸ್ತಿ. ನೆಲದ ಬಗ್ಗೆ ಕೇಳಿದವರು ಒಬ್ಬರೇ. ಅವರಿಂದಲೇ ಶುರು ಮಾಡುತ್ತೇನೆ.

ಪ್ರಶ್ನೆ: ಸರ್, ನಮ್ಮದು ಕಾಲುವೆ ಬಯಲಿನ ಎರೆಭೂಮಿ. ಬೊಲೆರೋ ನಿಲ್ಲಿಸಲು ಶೆಡ್ಡು ಬೇಕು. ಮನೆ ಗೋಡೆಗೇ ಆನಿಸಿ ಕಟ್ಟಿದರೆ ಒಂದು ಗೋಡೆ ಖರ್ಚು ಉಳಿಯುತ್ತದೆ ಅಂತಾರೆ ಮೇಸ್ತ್ರಿ. ಮೂರಡಿ ಪಾಯ ಸಾಕಾ?
– ರೈತರೊಬ್ಬರು, ಕಣೇಕಲ್ಲು

ಉತ್ತರ: ಒಂದು ಗೋಡೆ ಉಳಿಸಲು ಹೋಗಿ ಮನೆ ಗೋಡೆಯನ್ನೇ ಸೀಳಿಸಿಕೊಳ್ಳಬೇಡಿ. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ತುಂಗಭದ್ರಾ ಮೇಲ್ಮಟ್ಟದ ಕಾಲುವೆಯಲ್ಲಿ (ಎಚ್‌ಎಲ್‌ಸಿ) ನೀರು ಹರಿಯುವಾಗ ನಿಮ್ಮ ನೆಲ ಏಳುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಮನೆಯ ಭಾರ ಆ ಉಬ್ಬನ್ನು ಸ್ವಲ್ಪ ಅದುಮಿ ಹಿಡಿದಿರುತ್ತದೆ. ಶೆಡ್ಡು ಹಗುರ, ಹಾಗಾಗಿ ಹೆಚ್ಚು ಏಳುತ್ತದೆ. ಎರಡನ್ನೂ ಸೇರಿಸಿ ಕಟ್ಟಿದರೆ ಸೇರಿದ ಜಾಗದಲ್ಲೇ ಬಿರುಕು. ನಡುವೆ ಐದಾರು ಅಡಿ ಬಿಟ್ಟು ಬೇರೆಯಾಗಿಯೇ ಕಟ್ಟಿ.

ಪಾಯ ಎಷ್ಟು ಆಳ ಎಂಬುದನ್ನು ಕೂತಲ್ಲಿಂದ ಹೇಳಲಾಗದು. ಶೆಡ್ಡು ಬರುವ ಮೂಲೆಯಲ್ಲಿ ಆಳಿನ ಎತ್ತರಕ್ಕೆ ಒಂದು ಗುಂಡಿ ತೋಡಿಸಿ. ನಾಲ್ಕೈದು ಅಡಿಗೆ ಗರಸು ಸಿಕ್ಕರೆ ಅದರ ಮೇಲೇ ಪಾಯ ಕೂರಿಸಿ. ತೋಡಿದಷ್ಟೂ ಎರೆಯೇ ಬಂದರೆ ಕಲ್ಲಿನ ಪಾಯದ ಆಸೆ ಬಿಟ್ಟು ಬುಡದಲ್ಲಿ ಗಡ್ಡೆ ಇರುವ ಕಾಂಕ್ರೀಟ್ ಪೈಲ್ ಹಾಕಿಸಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆಭೂಮಿಗಾಗಿಯೇ ಬೆಳೆಸಿದ ವಿಧಾನ ಇದು. ಸಾಮಾನ್ಯವಾಗಿ ಮೂರೂವರೆ ಮೀಟರ್ ಆಳ. ಬುಡದ ಗಡ್ಡೆ ಕಂಬದ ಅಗಲದ ಎರಡೂವರೆಪಟ್ಟು. ಮೇಲೆ ಹಾಯುವ ಬೀಮಿಗೂ ಮಣ್ಣಿಗೂ ನಡುವೆ ಮೂರ್ನಾಲ್ಕು ಅಂಗುಲ ಖಾಲಿ ಇರಲಿ. ಉಬ್ಬಿದ ಮಣ್ಣಿಗೆ ಅಷ್ಟು ಜಾಗ ಬೇಕೇ ಬೇಕು.

ಗೋಡೆ ನಿಂತರೂ ನೆಲ ಎದ್ದು ಹಾಳಾದ ಶೆಡ್ಡುಗಳು ಎರೆ ಸೀಮೆಯಲ್ಲಿ ಬಹಳ. ಎಲ್ಲಕ್ಕಿಂತ ಹಗುರ ನೆಲವೇ ಅಲ್ಲವೇ? ಒಳಗೆ ಮೂರಡಿ ಎರೆ ತೆಗೆಸಿ. ಆ ಗುಂಡಿಗೆ ಮರಳು ತುಂಬಿಸುವ ರೂಢಿಯಿದೆ, ಅದು ತಪ್ಪು. ಮರಳು ನೀರನ್ನು ತಡೆಯುವುದಿಲ್ಲ, ನೇರವಾಗಿ ಕೆಳಗಿನ ಎರೆಗೆ ಇಳಿಸುತ್ತದೆ. ಸ್ವಲ್ಪ ಜಿಗುಟಿರುವ, ಆದರೆ ಉಬ್ಬದ ಗರಸು ಮಣ್ಣನ್ನು ಆರಾರು ಅಂಗುಲದ ಪದರವಾಗಿ ಹಾಕಿ, ನೀರು ಚಿಮುಕಿಸಿ, ದಿಮ್ಮಸು ಹೊಡೆಸಿ. ಮುಂಬಯಿ ಐಐಟಿಯ ಪ್ರೊಫೆಸರ್ ಆರ್.ಕೆ. ಕಟ್ಟಿ ಅವರು ಇಂಥ ಮಣ್ಣಿನ ಪದರವೇ ಎರೆಯ ಉಬ್ಬನ್ನು ತಡೆಯುತ್ತದೆಂದು ತೋರಿಸಿಕೊಟ್ಟರು. ಮಲಪ್ರಭಾ ಕಾಲುವೆಗೆ ಇದನ್ನು ಬಳಸಿದ್ದಾರೆ. ಅದರ ಮೇಲಿನ ಕಾಂಕ್ರೀಟ್ ನೆಲ ಗೋಡೆಗೆ ಅಂಟಬಾರದು, ಸುತ್ತ ಅರ್ಧ ಅಂಗುಲ ಸಂದು ಬಿಡಿಸಿ. ಗಾಡಿ ತೊಳೆದ ನೀರು ಶೆಡ್ಡಿನ ಬುಡದಲ್ಲಿ ಇಂಗದಂತೆ ಹೊರಗೆ ಮೂರಡಿ ಇಳಿಜಾರು ಕಟ್ಟೆ ಇರಲಿ.

ಬೊಲೆರೋ ಉದ್ದ ಹತ್ತಿರ ಹತ್ತಿರ ನಾಲ್ಕು ಮೀಟರ್. ಒಳಗೆ 11 ಅಡಿ ಅಗಲ, 18 ಅಡಿ ಉದ್ದ ಇದ್ದರೆ ಎರಡೂ ಬಾಗಿಲು ತೆರೆದು ಸರಾಗವಾಗಿ ಇಳಿಯಬಹುದು.

ಪ್ರಶ್ನೆ: ಮನೆಯಲ್ಲೇ ಜೀನ್ಸ್ ಹೊಲಿಸುತ್ತೇವೆ. ಗೂಡ್ಸ್ ಆಟೋಗೆ ಮೂರು ಕಡೆ ಗೋಡೆ, ಮೇಲೆ ತಗಡಿನ ಶೀಟು ಹಾಕಿಸಬೇಕೆಂದಿದ್ದೇವೆ. ಬಾಗಿಲು ಪಡುವಣಕ್ಕೆ ಬಂದರೆ ರಸ್ತೆಗೆ ಅನುಕೂಲ.
– ರಾಯದುರ್ಗದ ಗೃಹಿಣಿ

ಉತ್ತರ: ತಾಯಿ, ಪಡುವಣದ ಕಡೆ ಬಾಯಿ ಬಿಡಬೇಡಿ. ಆಷಾಢದ ಗಾಳಿ ನಿಮ್ಮ ಸೀಮೆಯಲ್ಲಿ ಎಂಥದ್ದು ಎಂಬುದಕ್ಕೆ ರಾಮಗಿರಿ ಗುಡ್ಡದ ಗಾಳಿಯಂತ್ರಗಳೇ ಸಾಕ್ಷಿ. ಮೂರು ಕಡೆ ಮುಚ್ಚಿದ ಶೆಡ್ಡಿನೊಳಗೆ ನುಗ್ಗಿದ ಗಾಳಿಗೆ ಹೊರದಾರಿ ಇಲ್ಲ, ಅದು ಶೀಟನ್ನು ಕೆಳಗಿನಿಂದ ಎತ್ತುತ್ತದೆ. ಮೇಲೆ ಹಾಯುವ ಗಾಳಿಯೂ ಎಳೆಯುತ್ತದೆ. 12 ಅಡಿಗೆ 20 ಅಡಿ ಶೆಡ್ಡಿನ ಶೀಟುಗಳ ತೂಕ ಎಲ್ಲ ಸೇರಿ ನೂರು ಕೆಜಿ ಆಸುಪಾಸು. ಬಿರುಗಾಳಿಯ ಎಳೆತ ಎರಡು ಟನ್ ಮುಟ್ಟಬಹುದು. ಆಗ ಅದನ್ನು ಹಿಡಿಯುವುದು ಕಂಬದ ಬುಡದ ಕಾಂಕ್ರೀಟೇ. ಆರು ಕಂಬ ನಿಲ್ಲಿಸಿ, ಪ್ರತಿಯೊಂದಕ್ಕೂ ಎರಡಡಿ ಉದ್ದಗಲ, ಮೂರಡಿ ಆಳದ ಕಾಂಕ್ರೀಟ್ ಹಾಕಿಸಿ. ಒಂದೊಂದೂ ಎಂಟುನೂರು ಕೆಜಿ ತೂಗುತ್ತದೆ. ಗುಂಡಿಗೆ ಕಲ್ಲು ತುರುಕಿ ಕಂಬ ನಿಲ್ಲಿಸುತ್ತೇವೆ ಎಂದರೆ ಒಪ್ಪಬೇಡಿ. ರಸ್ತೆ ಪಡುವಣಕ್ಕೇ ಇದ್ದು ಬೇರೆ ದಾರಿ ಇಲ್ಲವಾದರೆ ಶಟರ್ ಹಾಕಿಸಿ, ಗಾಳಿ ಎದ್ದಾಗ ಇಳಿಸಿ. ಹಿಂದಿನ ಗೋಡೆಯಲ್ಲಿ ಸೂರಿನ ಕೆಳಗೆ ಜಾಲರಿ ಬಿಡಿಸಿ.

ಬಟ್ಟೆ ಗಂಟುಗಳನ್ನು ಮಾತ್ರ ಆಟೋ ಪಕ್ಕ ಒಟ್ಟಬೇಡಿ. ಪೆಟ್ರೋಲು, ಬಟ್ಟೆ, ಸ್ವಿಚ್ಚಿನ ಕಿಡಿ ಒಂದೇ ಸೂರಿನಡಿ ಇರಬಾರದು.

ಪ್ರಶ್ನೆ: ಬೋರಿನ ನೀರು ಉಪ್ಪು. ಕಾಂಕ್ರೀಟಿಗೆ ನಡೆಯುತ್ತದೆಯೇ?
– ಗುಮ್ಮಗಟ್ಟ

ಉತ್ತರ: ಪರೀಕ್ಷೆ ಮಾಡಿಸಿ. ಕಂಬಿ ಇರುವ ಕಾಂಕ್ರೀಟಿಗೆ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಕಾಂಕ್ರೀಟ್ ಹಾಕಿದ ಮೇಲೂ ನೀರು ಮುಖ್ಯ. ಪಿಪಿಸಿ ಸಿಮೆಂಟಾದರೆ ನಿಮ್ಮ ಬಿಸಿಲಿಗೆ 14 ದಿನ ಗೋಣಿತಾಟು ಹೊದಿಸಿ ನೀರು ಹೊಡೆಯಲೇಬೇಕು.

ಪ್ರಶ್ನೆ: ನಮ್ಮದು ಕೆಂಪುನೆಲ, ಎರಡಡಿಗೇ ಬಂಡೆ. ಕಲ್ಲುಚಪ್ಪಡಿ ಹತ್ತಿರದಲ್ಲೇ ಸಿಗುತ್ತದೆ. ರೇಷ್ಮೆಹುಳು ಮನೆಗೆ ಸೇರಿಸಿ ಚಪ್ಪಡಿ ಮಾಳಿಗೆಯ ಕಾರ್‌ಶೆಡ್ಡು ಕಟ್ಟಬಹುದೇ?
– ಮಡಕಶಿರಾ ಹತ್ತಿರದ ಹಳ್ಳಿಯಿಂದ

ಉತ್ತರ: ಚಪ್ಪಡಿ ಮಾಳಿಗೆ ಕಟ್ಟಿ, ನನಗೂ ಇಷ್ಟ. ಪಾಯದಲ್ಲಿ ಉಳಿದ ಹಣ ಮೇಲಕ್ಕೆ ಹಾಕಿ. ಆದರೆ ಹುಳುಮನೆಗೆ ಸೇರಿಸಿ ಖಂಡಿತ ಬೇಡ. ಹುಳುವಿಗೆ ಹೊಗೆ ಆಗುವುದಿಲ್ಲ. ಔಷಧಿ ಹೊಡೆದ ಪಂಪು, ಕ್ರಿಮಿನಾಶಕದ ಡಬ್ಬಿ ಕೊನೆಗೆ ಬಂದು ಕೂರುವುದು ಕಾರ್‌ಶೆಡ್ಡಿನ ಮೂಲೆಯಲ್ಲೇ. ಆ ಗಾಳಿ ತಾಗಿದರೆ ಒಂದು ಬೆಳೆಯೇ ಹೋಗಬಹುದು. ಶೆಡ್ಡು ಅಂಗಳದ ಆಚೆ ತುದಿಗಿರಲಿ, ಗಾಳಿ ಹುಳುಮನೆಯಿಂದ ಶೆಡ್ಡಿನತ್ತ ಬೀಸುವಂತಿರಲಿ.

ಚಪ್ಪಡಿ ವಿಷಯದಲ್ಲಿ ಒಂದು ಎಚ್ಚರ. ಕಲ್ಲು ಭಾರ ಹೊರುತ್ತದೆ, ಬಾಗುವುದಿಲ್ಲ. ಮುರಿದರೆ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಮೇಲೆ ಹೇಳಿದ ಅಳತೆಯ ಶೆಡ್ಡಾದರೆ 11 ಅಡಿ ಅಗಲಕ್ಕೆ ಒಂದೇ ಚಪ್ಪಡಿ ಹಾಯಿಸಬೇಡಿ. 18 ಅಡಿ ಉದ್ದವನ್ನು ಆರಾರು ಅಡಿಯ ಮೂರು ಅಂಕಣ ಮಾಡಿ, ನಡುವೆ ಅಡ್ಡಲಾಗಿ ಎರಡು ಕಬ್ಬಿಣದ ಐ-ಬೀಮು ಕೂರಿಸಿ. ಮೂರು ಅಂಗುಲ ದಪ್ಪದ ಚಪ್ಪಡಿ, ಮೇಲೆ ತೆಳು ಗಾರೆ ಎಂದಾದರೆ 175 ಮಿ.ಮೀ. ಎತ್ತರದ ಬೀಮು ಬೇಕಾಗುತ್ತದೆ. ನಿಮ್ಮ ಚಪ್ಪಡಿ ಅಳತೆ ತೋರಿಸಿ ಎಂಜಿನಿಯರರಿಂದ ಲೆಕ್ಕ ಹಾಕಿಸಿ. ಬೀಮಿನ ತುದಿ ಇಟ್ಟಿಗೆಯ ಮೇಲೆ ನೇರ ಕೂರದಿರಲಿ, ಕೆಳಗೆ ದಪ್ಪ ಕಲ್ಲು ಇಡಿಸಿ. ಪ್ರತಿ ಚಪ್ಪಡಿಯನ್ನೂ ಏರಿಸುವ ಮುಂಚೆ ಸುತ್ತಿಗೆಯಿಂದ ತಟ್ಟಿಸಿ. ಗಣಗಣ ಎಂದರೆ ಏರಿಸಿ. ಬೊದ್ದು ಸದ್ದು ಬಂದರೆ ಒಳಗೆ ಸೀಳಿದೆ, ಅಂಗಳಕ್ಕೆ ಹಾಸಲು ಬಳಸಿ.

ಪ್ರಶ್ನೆ: ಶೆಡ್ಡಿಗೂ ಪ್ಲಾನ್ ಬೇಕೇ?
– ಇಬ್ಬರು ಓದುಗರು

ಉತ್ತರ: ಪಟ್ಟಣದೊಳಗೆ ಗೋಡೆ, ಮಾಳಿಗೆ ಎಬ್ಬಿಸುವುದಾದರೆ ಕೇಳದೆ ಕಟ್ಟಬೇಡಿ. ಆಂಧ್ರದ 2017ರ ಕಟ್ಟಡ ನಿಯಮಗಳಲ್ಲಿ ಮನೆ ಸುತ್ತ ಇಂತಿಷ್ಟು ಜಾಗ ಖಾಲಿ ಬಿಡಬೇಕೆಂದಿದೆ, ಶೆಡ್ಡು ಬರುವುದು ಹೆಚ್ಚಾಗಿ ಆ ಜಾಗದಲ್ಲೇ. ರಾಯದುರ್ಗದವರು ಪುರಸಭೆಯಲ್ಲಿ, ಮಡಕಶಿರಾದವರು ನಗರ ಪಂಚಾಯಿತಿಯಲ್ಲಿ ಪಾಯ ತೋಡುವ ಮುಂಚೆ ವಿಚಾರಿಸಿ. ಮನೆಯ ಹಳೆ ಪ್ಲಾನಿನ ಪ್ರತಿ ಜೊತೆಗೆ ಒಯ್ಯಿರಿ.